ಮುನ್ನೂರ ಎಂಬತ್ತಾರು ಸೊನ್ನೆಗಳು

ನಮ್ಮ ವೈದ್ಯಕೀಯ ಕಾಲೇಜಿಗೆ ಅರವತ್ತೆರಡು ವರ್ಷ, ಹೊಸ ಕಾಲೇಜಿಗೆ ಏಳು. ಎರಡೂ ಕಾಲೇಜುಗಳು ಕೂಡಿ ತರಬೇತಿ, ಸಂಶೋಧನೆ ನಡೆಸುವ ಒಪ್ಪಂದಕ್ಕೆ ಸಹಿ ಬಿದ್ದ ದಿನ ಹಿರಿಯ ಪ್ರಾಧ್ಯಾಪಕನಾದ ನಾನು ಭಾಷಣದಲ್ಲಿ, ‘ಅಣ್ಣ ತಮ್ಮನ ಕೈಹಿಡಿದು ನಡೆಸುವಂತೆ’ ಎಂದೆ. ಆ ಕಡೆಯವರು ಸುಮ್ಮನೆ ಚಪ್ಪಾಳೆ ತಟ್ಟಿದರು. ತಮ್ಮಂದಿರು ಒಳ್ಳೆಯವರೆಂದುಕೊಂಡೆ.

ಮೊದಲ ಕೆಲಸ ರಕ್ತದೊತ್ತಡದ ಅಧ್ಯಯನ. ಎರಡೂ ಕಡೆ ಒಂದೇ ನಮೂನೆಯ ಪಾದರಸದ ಯಂತ್ರ. ಒಂದೊಂದು ಕಾಲೇಜೂ ನಾನೂರು ಚಿಲ್ಲರೆ ಜನರ ಬಿಪಿ ಅಳೆದು, ಮೇಲಿನ ಅಂಕಿಯನ್ನು ಒಂದೇ ಪಟ್ಟಿಯಲ್ಲಿ ತುಂಬಬೇಕು. ಯಾರ ಅಂಕಿ ಹೆಚ್ಚು ನಂಬಿಕೆಗೆ ಅರ್ಹವೋ ಅವರಿಗೆ ಜಂಟಿ ತರಬೇತಿ ಕೇಂದ್ರ. ನಾನು ಆಗಲೇ ಬಾಗಿಲ ಮೇಲಿನ ಫಲಕಕ್ಕೆ ಜಾಗ ಅಳೆದಿದ್ದೆ: ಸುಮಾರು ಎರಡು ಅಡಿ.

ನಮ್ಮ 412 ಜನರಲ್ಲಿ 388 ಮಂದಿಯನ್ನು ನಾನೇ ಅಳೆದೆ. ಮಂಡಿನೋವಿನಿಂದ ರಜೆ ಹಾಕಿದ್ದ ವಾರ ಉಳಿದ 24 ಮಂದಿಯನ್ನು ಹೊರರೋಗಿ ವಿಭಾಗದ ಸಿಸ್ಟರ್ ಅಳೆದರು. ಹತ್ತೊಂಬತ್ತು ವರ್ಷ ಆ ಕೋಣೆಯಲ್ಲೇ ದುಡಿದವರು. ಕೇಂದ್ರದಲ್ಲಿ ಕಲಿಸುವ ತಂಡಕ್ಕೆ ಸೇರಬೇಕೆಂಬುದು ಅವರ ಒಂದೇ ಆಸೆ. ಅರ್ಜಿ ನನ್ನ ಮೇಜಿನ ಮೇಲಿತ್ತು.

ಮರಳಿ ಬಂದು ಅವರ ಹಾಳೆ ನೋಡಿದೆ. 118, 126, 142.

“ಏನಮ್ಮಾ ಇದು, ನೂರ ಇಪ್ಪತ್ತಾರಂತೆ! ತರಕಾರಿ ತೂಗಿದ ಹಾಗಿದೆ.”

“ಪಾದರಸ ಅಲ್ಲೇ ನಿಂತಿತ್ತು ಸರ್.”

“ಬರೆಯೋದಕ್ಕೂ ಒಂದು ಅಂದ ಚಂದ ಬೇಡ್ವಾ?”

ಅರ್ಜಿಯ ಮೇಲೆ ನಾನು ‘ಅಳತೆಯಲ್ಲಿ ಶಿಸ್ತು ಸಾಲದು’ ಎಂದು ಬರೆದು ಡೀನ್ ಅವರಿಗೆ ಕಳಿಸಿದೆ.

ಮರುವಾರ ಹೊಸ ಕಾಲೇಜಿನ ಅಂಕಿಗಳು ಬಂದವು. ಅಲ್ಲೂ ಅದೇ ಚಿಲ್ಲರೆ! ಕೆಲಸ ಒರಟಾಗಿದೆ, ಮತ್ತೆ ಅಳೆಯಿರಿ ಎಂದು ಎರಡು ಪುಟದ ಪತ್ರ ಬರೆದು, ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ಅವಳು ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು.

“ನಿಮ್ಮ ಅಂಕಿ ಒಂದ್ಸಲ ನೋಡ್ಕೊಂಡ್ರಾ?”

“ನೋಡೋದೇನು, ನಾನೇ ಅಳೆದಿದ್ದು.”

“ಅದಕ್ಕೇ ಕೇಳಿದ್ದು.”

ಪತ್ರ ಕಳಿಸಿದೆ.

ಉತ್ತರ ಪತ್ರದಲ್ಲಿ ಬರಲಿಲ್ಲ, ಪರದೆಯ ಮೇಲೆ ಬಂತು. ವಿಡಿಯೋ ಸಭೆ. ನನ್ನ ಪಕ್ಕದಲ್ಲಿ ಡೀನ್, ಹಿಂದಿನ ಸಾಲಿನಲ್ಲಿ ಹಾಳೆಗಳನ್ನು ಹಿಡಿದ ಸಿಸ್ಟರ್. ಆ ಕಡೆ ಅವರ ಅಂಕಿಸಂಖ್ಯೆ ನೋಡಿಕೊಳ್ಳುವ ಡಾಕ್ಟರ್. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಪ್ರತಿ ಪಾಠದಲ್ಲೂ ಪ್ರಶ್ನೆ ಕೇಳಲು ಎದ್ದು ನಿಲ್ಲುತ್ತಿದ್ದುದರಿಂದ ನಾವು ಇಟ್ಟ ಅಡ್ಡಹೆಸರು ‘ಆದ್ರೆ ಸರ್’.

“ನಿಮ್ಮ ಪತ್ರ ಓದಿದ್ವಿ, ಮತ್ತೆ ಅಳೀತೀವಿ,” ಎಂದಳು. “ಆದ್ರೆ ಸರ್...”

ನನ್ನ ಮಂಡಿ ಆಗಲೇ ನೋಯತೊಡಗಿತು.

“ಯಂತ್ರದಲ್ಲಿ ಎರಡೆರಡರ ಗೆರೆ ಇರೋದು. ಅಂಕಿ ಮುಗಿಯೋದು 0, 2, 4, 6, 8ರಲ್ಲೇ. ಹಾಗಾಗಿ ಐದರಲ್ಲಿ ಒಂದು ಅಂಕಿ ಮಾತ್ರ ಸೊನ್ನೇಲಿ ಮುಗೀಬೇಕು, ಅಂದ್ರೆ ನಿಮ್ಮ 412ರಲ್ಲಿ ಎಂಬತ್ತು ಚಿಲ್ಲರೆ. ನಿಮ್ಮ ಪಟ್ಟೀಲಿ 386 ಇದೆ ಸರ್.”

ಡೀನ್ ಕನ್ನಡಕ ತೆಗೆದು ಒರೆಸಿಕೊಂಡರು.

“ಸಿಸ್ಟರ್ ಸಹಿ ಇರೋ 24ರಲ್ಲಿ ಸೊನ್ನೆ ಐದೇ. ಅದು ಸರಿಯಾಗಿದೆ. ನಿಮ್ಮ 388ರಲ್ಲಿ 381 ಸೊನ್ನೆ.”

“ಉಳಿದ ಏಳು?” ಎಂದೆ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ.

“ಅವು ಐದರಲ್ಲಿ ಮುಗೀತವೆ ಸರ್. ಯಂತ್ರದಲ್ಲಿ ಐದರ ಗೆರೇನೇ ಇಲ್ಲ.”

ಸೊನ್ನೆಗಳಿಗಾದರೂ ಒಂದು ಸಮಜಾಯಿಷಿ ಕೊಡಬಹುದಿತ್ತು. ಇಲ್ಲದ ಗೆರೆಯನ್ನು ಏಳು ಸಲ ಕಂಡಿದ್ದಕ್ಕೆ ಏನು ಹೇಳಲಿ? ಮೂವತ್ತೊಂದು ವರ್ಷ ನಾನು ಪಾದರಸವನ್ನು ನೋಡಿ, ಅಕ್ಕಪಕ್ಕದ ಯಾವುದಾದರೊಂದು ಹತ್ತಕ್ಕೆ ತಂದು ಬರೆಯುತ್ತಿದ್ದೆ. ಮೇಲಕ್ಕೋ ಕೆಳಕ್ಕೋ ಎಂಬುದು ಆ ದಿನದ ಮನಸ್ಸಿನಂತೆ. ಅದನ್ನು ಅನುಭವ ಎಂದು ಕರೆಯುತ್ತಿದ್ದೆ.

ಡೀನ್ ಹಿಂದೆ ತಿರುಗಿ ಸಿಸ್ಟರ್ ಕಡೆ ನೋಡಿದರು. “ನಿಮ್ಮ ಅರ್ಜಿ ಮೇಲೆ ಏನೋ ಶಿಸ್ತು ಅಂತ ಬರೆದಿತ್ತಲ್ಲ?”

ಸಿಸ್ಟರ್ ನನ್ನ ಕಡೆ ನೋಡಿದರು. ಒಂದು ಮಾತು ಹೇಳಿದ್ದರೂ ನಾನು ಪೂರ್ತಿ ಮುಗಿಯುತ್ತಿದ್ದೆ. ಹೇಳಲಿಲ್ಲ.

“ನಾನು ಬರೆದದ್ದು ತಪ್ಪು,” ಎಂದೆ. ಧ್ವನಿ ಮೊದಲ ವರ್ಷದ ವಿದ್ಯಾರ್ಥಿಯದಂತಿತ್ತು. “ಅರ್ಜಿ ವಾಪಸ್ ಕೊಡಿ. ಬೇರೆ ಬರೀತೀನಿ.”

ಮನೆಯಲ್ಲಿ ಹೇಳಿದಾಗ ಹೆಂಡತಿ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. “ತನ್ನೆಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ತೋರಿಸಿದ್ರಂತೆ,” ಎಂದು ಒಳಗೆ ಹೋದಳು.

ಕೇಂದ್ರ ಹೊಸ ಕಾಲೇಜಿಗೆ ಹೋಯಿತು, ಅಲ್ಲಿ ಕಲಿಸಲು ನಮ್ಮ ಸಿಸ್ಟರ್ ಹೋದರು. ಹೋಗುವ ಮೊದಲು ಐದು ವಾರ ನನ್ನ 388 ಜನರನ್ನೂ ಕರೆಸಿ, ಪಕ್ಕದಲ್ಲಿ ನಿಂತು ನನ್ನಿಂದ ಮತ್ತೆ ಅಳೆಸಿದರು. ಕೆಲವರಿಗೆ ಮಾತ್ರೆ ಶುರುವಾಯಿತು, ಕೆಲವರಿಗೆ ನಿಂತಿತು. ಆ ಭಾಗವನ್ನು ತಮಾಷೆಯಾಗಿ ಹೇಳಲು ನನಗೆ ಇನ್ನೂ ಬಂದಿಲ್ಲ.

ಕೇಂದ್ರದ ಮೊದಲ ತರಗತಿಗೆ ನಾನು ಶಿಬಿರಾರ್ಥಿ. ಸಿಸ್ಟರ್ ನನ್ನ ತೋಳಿಗೇ ಪಟ್ಟಿ ಸುತ್ತಿ, ಗಾಳಿ ಒತ್ತಿ, ನಿಧಾನವಾಗಿ ಬಿಟ್ಟರು. ಇಪ್ಪತ್ತು ವಿದ್ಯಾರ್ಥಿಗಳು ಬಗ್ಗಿ ನೋಡುತ್ತಿದ್ದರು.

“ನೂರ ನಲವತ್ತು ಅಂತ ಬರ್ಕೊಳ್ಳಿ ಸಿಸ್ಟರ್,” ಎಂದೆ, ಅಭ್ಯಾಸಬಲ.

“ಪಾದರಸ ಅಲ್ಲಿ ನಿಲ್ಲಲಿಲ್ಲ ಸರ್,” ಎಂದು ಅವರು 148 ಬರೆದರು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: “ನಿಮ್ಮದು ಎಷ್ಟು ಬಂತು?”

“ನೂರ ನಲವತ್ತು.”

ಅವಳು ಕಾದಳು.

“...ಎಂಟು,” ಎಂದೆ.

ನನ್ನ ಮುಂದಿದ್ದ ಉಪ್ಪಿನ ಡಬ್ಬಿಯನ್ನು ಅವಳು ತನ್ನ ಕಡೆಗೆ ಎಳೆದುಕೊಂಡಳು.