ಓಟೋ ಕ್ರೆಬ್ಸ್ ತೋಡಿದ ಬಾವಿಗಳು

ಅರ್ಲಿನ್ ಬೀಕರ್ ಹಾಕಿದಂಥ ಯೋಜನೆಯನ್ನು ಷೋನ್‌ಫೆಲ್ಡ್ ಊರಿನಲ್ಲಿ ಹಿಂದೆ ಯಾರೂ ಹಾಕಿರಲಿಲ್ಲ, ಮುಂದೆ ಯಾರಾದರೂ ಹಾಕುವುದೂ ಅನುಮಾನ. ಪಿರಮಿಡ್ ಕಟ್ಟಿದವರು ಕೂಡ ಇಷ್ಟು ತಲೆ ಕೆಡಿಸಿಕೊಂಡಿರಲಾರರು. ಯೋಜನೆ ಕಾಗದದ ಮೇಲಿರಲಿಲ್ಲ. ಗ್ಯಾರೇಜಿನ ಸಿಮೆಂಟು ನೆಲದ ಮೇಲೆ, ಸೀಮೆಸುಣ್ಣದಲ್ಲಿ, ಗಾಡಿಯ ಅಸಲು ಗಾತ್ರದಲ್ಲೇ ಬರೆದಿತ್ತು. ಚಕ್ರ ಇಲ್ಲಿ, ಎಂಜಿನ್ ಇಲ್ಲಿ, ತಾನು ಕೂರುವುದು ಇಲ್ಲಿ. ಪ್ರತಿ ಶನಿವಾರ ಆ ಚಿತ್ರದೊಳಗೆ ಬಕೆಟ್ಟೊಂದನ್ನು ಬೋರಲು ಹಾಕಿ ಕೂತು, ಕಾಲು ಚಾಚಿ, ಇಲ್ಲದ ಗೇರು ಬದಲಿಸಿ ನೋಡುತ್ತಿದ್ದ. ಬಾಯಲ್ಲೇ ಎಂಜಿನ್ ಸದ್ದನ್ನೂ ಮಾಡುತ್ತಿದ್ದನೆಂದು ಅವನ ಹೆಂಡತಿ ಡಾರ್ಲಾ ಹೇಳುತ್ತಾಳೆ. ಅವನು ಒಪ್ಪುವುದಿಲ್ಲ.

ಕ್ಯಾನ್ಸಸ್‌ನ ಆ ಬಯಲಿನಲ್ಲಿ ಗೋಧಿ ಬಿಟ್ಟರೆ ಚೆನ್ನಾಗಿ ಬೆಳೆಯುವುದು ಹಾಟ್ ರಾಡ್ ಹುಚ್ಚು ಒಂದೇ. ಅಜ್ಜನ ಕಾಲದ ಗಾಡಿಯನ್ನು ತಂದು, ಚಾವಣಿ ಕತ್ತರಿಸಿ ಕುಳ್ಳಗೆ ಮಾಡಿ, ಮೂಗು ನೆಲ ನೆಕ್ಕುವಷ್ಟು ತಗ್ಗಿಸಿ, ಅದರ ಹೊಟ್ಟೆಗೆ ಮೀರಿದ ಎಂಜಿನ್ ತುರುಕಿ, ಸಮಾಧಿಯಲ್ಲಿರುವವರೂ ಮಗ್ಗುಲು ಬದಲಿಸುವಂಥ ಸದ್ದು ಹೊರಡಿಸಿದರೆ ಅದು ಹಾಟ್ ರಾಡ್. ಪ್ರತಿ ಜೂನ್‌ನಲ್ಲಿ ಕಾಳು ಕಣಜದ ಬಯಲಿನಲ್ಲಿ ಇವುಗಳ ಪ್ರದರ್ಶನ ನಡೆಯುತ್ತದೆ. ಎಲ್ಲಕ್ಕಿಂತ ಮೇಲಾದ ಗಾಡಿಗೆ ಊರಿನ ಸಂಘ ಒಂದು ಹಿತ್ತಾಳೆ ಫಲಕ ಕೊಡುತ್ತದೆ. ಅದನ್ನು ಪ್ರತಿ ವರ್ಷವೂ ಗೆಲ್ಲುತ್ತಿದ್ದವನು ರೆಕ್ಸ್ ಸ್ಟೆಕ್ಲೈನ್, ಡಾರ್ಲಾಳ ತಮ್ಮ. ಗಾಡಿಗಳಿಗೆ ಬಣ್ಣ ಹೊಡೆಯುವ ದೊಡ್ಡ ಅಂಗಡಿಯ ಯಜಮಾನ. ಅವನ ಕೆಂಪು ಕಾರನ್ನು ಕಟ್ಟಿದವರು ಅವನ ಕೆಲಸಗಾರರು. ಅವನು ಮುಟ್ಟಿದ್ದು ಚೆಕ್ ಪುಸ್ತಕವನ್ನು ಮಾತ್ರ. ಗೆದ್ದ ಫಲಕಗಳನ್ನೆಲ್ಲ ರೆಕ್ಸ್ ಊಟದ ಮನೆಯಲ್ಲಿ ಸಾಲಾಗಿ ತೂಗುಹಾಕಿದ್ದ, ಅದೂ ಹಬ್ಬದ ದಿನ ಅರ್ಲಿನ್ ಕೂರುವ ಕುರ್ಚಿಯ ನೇರ ಎದುರಿಗೆ. ಟರ್ಕಿ ಕೋಳಿಯ ಒಂದೊಂದು ತುತ್ತೂ ಅರ್ಲಿನ್‌ನ ಗಂಟಲಲ್ಲಿ ಹಿತ್ತಾಳೆಯ ರುಚಿ ಬಿಟ್ಟು ಇಳಿಯುತ್ತಿತ್ತು.

ಅರ್ಲಿನ್‌ನ ಕೆಲಸ ರಸ್ತೆ ಇಲಾಖೆಯಲ್ಲಿ. ಟಾರಿನ ಮೇಲೆ ಬಿಳಿ ಗೆರೆ ಎಳೆಯುವುದು, ಅಡ್ಡರಸ್ತೆಗಳಲ್ಲಿ ‘ನಿಲ್ಲಿ’ ಎಂದು ಬರೆಯುವುದು. ಇಡೀ ಜಿಲ್ಲೆ ದಿನಾ ಓದುತ್ತಿದ್ದದ್ದು ಅವನ ಕೈಬರಹವನ್ನೇ. ಆದರೆ ಓದಿದವರು ಅದರ ಮೇಲೆ ಚಕ್ರ ಹತ್ತಿಸಿಕೊಂಡು ಹೋಗುತ್ತಿದ್ದರೇ ವಿನಾ, ‘ಎಷ್ಟು ಚೆಂದದ ಅಕ್ಷರ’ ಎಂದು ಒಬ್ಬನೂ ಬ್ರೇಕ್ ಒತ್ತಿದ್ದಿಲ್ಲ. ಜನ್ಮದಲ್ಲಿ ಒಂದೇ ಒಂದು ಸಲ, ತನ್ನ ಕೈಯಿಂದ ಆದ ಕೆಲಸಕ್ಕೆ ಹತ್ತು ಜನರ ಮುಂದೆ ತನ್ನ ಹೆಸರು ಕೂಗಿ ಆ ಫಲಕ ಕೊಡಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

“ಮಾಡ್ಕೋ,” ಎಂದಿದ್ದಳು ಡಾರ್ಲಾ. “ಆದ್ರೆ ಗಾಡಿಗೆ ಸುರಿಯೋದು ನನ್ನ ಬಟ್ಟೆ ಒಗೆಯೋ ಮೆಷಿನ್‌ಗಿಂತ ಒಂದು ಕಾಸು ಜಾಸ್ತಿ ಆಗ್ಬಾರ್ದು. ಆಯ್ತಾ?”

ಅಲ್ಲಿಂದ ಶುರುವಾಯಿತು ಜಗತ್ತು ಕಂಡು ಕೇಳರಿಯದ ಜಿಪುಣತನ. ಹೆಡ್ವಿಗ್ ಎಂಬ ವಿಧವೆಯ ಕೊಟ್ಟಿಗೆಯಲ್ಲಿ ಹಳೆಯ ಷೆವರ್ಲೆ ಪಿಕಪ್ ಒಂದಿತ್ತು. ಆಕೆಯ ಮನೆಯ ಬೇಲಿ ಸುತ್ತ ಗೂಟ ಹೊಡೆದುಕೊಟ್ಟು ಅದನ್ನು ಎಳೆದು ತಂದ. ಎಂಜಿನ್ ಸಿಕ್ಕಿದ್ದು ಗುಜರಿಗೆ ಬಿದ್ದ ಆಂಬುಲೆನ್ಸಿನಿಂದ. ಸಾಯುವವರನ್ನು ಹೊತ್ತು ಓಡಿ ಅಭ್ಯಾಸವಾದ ಎಂಜಿನ್, ನಿಧಾನ ಎಂಬ ಪದವನ್ನೇ ಕೇಳಿರಲಿಲ್ಲ. ಸೀಟು ಮುಚ್ಚಿಹೋದ ಚಿತ್ರಮಂದಿರದ್ದು, ಪೆಟ್ರೋಲ್ ಟ್ಯಾಂಕು ಚರ್ಚಿನ ಹಬ್ಬದಲ್ಲಿ ಖಾಲಿಯಾದ ಬಿಯರ್ ಪೀಪಾಯಿ. ಒಂದೊಂದನ್ನೂ ತಂದು ನೆಲದ ಚಿತ್ರದ ಮೇಲೆ ಅದರದರ ಜಾಗದಲ್ಲೇ ಇಟ್ಟ. ಚಾವಣಿಯನ್ನು ಎಷ್ಟು ಕತ್ತರಿಸಿದನೆಂದರೆ, ಒಳಗೆ ಕೂತಾಗ ಟೋಪಿಯನ್ನು ಮಾತ್ರವಲ್ಲ, ಅಭಿಪ್ರಾಯಗಳನ್ನೂ ಹೊರಗೇ ಬಿಟ್ಟುಬರಬೇಕಿತ್ತು.

ಉಳಿದದ್ದು ಬಣ್ಣ. ಬಣ್ಣಕ್ಕೆ ಅವನ ಯೋಜನೆಯಲ್ಲಿ ಕಾಸೇ ಇರಲಿಲ್ಲ, ಯಾಕೆಂದರೆ ಅವನು ತುಕ್ಕನ್ನು ನಂಬಿಕೊಂಡಿದ್ದ. ಈ ಜನರಲ್ಲಿ ತುಕ್ಕಿಗಿರುವ ಮರ್ಯಾದೆ ಚಿನ್ನಕ್ಕಿಲ್ಲ. ಬಿಸಿಲು, ಹಿಮ, ಕಾಲ ಸೇರಿ ಮಾಡಿದ ಅಸಲಿ ತುಕ್ಕು, ಅದರ ಮೇಲೆ ಅರ್ಧ ಮಾಸಿದ ಯಾವುದೋ ಹಳೆಯ ಅಂಗಡಿಯ ಹೆಸರು, ಇವೆರಡಿದ್ದರೆ ಗಂಡಸರು ಟೋಪಿ ತೆಗೆದು ನಿಲ್ಲುತ್ತಾರೆ. ಆದರೆ ಹೆಡ್ವಿಗ್ ಮಹಾ ಶಿಸ್ತಿನ ಹೆಂಗಸು. ವರ್ಷ ಬಿಟ್ಟು ವರ್ಷ, ಕಿಟಕಿಗೆ ಹೊಡೆದು ಮಿಕ್ಕ ಹಸಿರು ಬಣ್ಣವನ್ನು ಪಿಕಪ್ಪಿಗೂ ಬಳಿಯುತ್ತಾ ಬಂದಿದ್ದಳು. ಅರ್ಲಿನ್ ಅದನ್ನು ಉಜ್ಜಿ ಉಜ್ಜಿ ತೆಗೆದ. ಕೆಳಗೆ ತಗಡು ಮದುವೆಯ ಬೆಳ್ಳಿ ಚಮಚದ ಹಾಗೆ ಹೊಳೆಯಿತು.

“ಒಂದು ಚುಕ್ಕೆ ತುಕ್ಕಿಲ್ಲ ಕಣೇ,” ಎಂದ ಅವನು, ಅಳುವುದೊಂದು ಬಾಕಿ.

“ಗಾಡಿ ಚೆನ್ನಾಗಿದೆ ಅಂತ ಗೋಳಾಡೋ ಗಂಡಸನ್ನ ಇವತ್ತೇ ನೋಡಿದ್ದು ನಾನು,” ಎಂದಳು ಡಾರ್ಲಾ. ಅವಳು ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುವವಳು. “ನಮ್ಮಂಗ್ಡೀಲಿ ಕೂದಲು ಬೆಳ್ಳಗೆ ಮಾಡೋ ನೀರಿದೆ. ವಿನೆಗರ್, ಉಪ್ಪು ಸೇರ್ಸಿ ಬಳಿ. ನಮ್ಮ ಗಿರಾಕಿ ಲುಸೀಲ್‌ಳ ತಲೆ ಮೇಲೆ ಬಂದಿತ್ತಲ್ಲ ಒಂದು ಬಣ್ಣ, ಅದೇ ಬರತ್ತೆ ನೋಡು.”

ದೇವರು ಎಪ್ಪತ್ತು ವರ್ಷದಲ್ಲಿ ಮಾಡುವ ಕೆಲಸವನ್ನು ಅರ್ಲಿನ್ ಒಂದು ವಾರಾಂತ್ಯದಲ್ಲಿ ಮುಗಿಸಿದ. ವಾಸನೆಗೆ ಆ ಬೀದಿಯ ಬೆಕ್ಕುಗಳೆಲ್ಲ ಪಕ್ಕದ ಜಿಲ್ಲೆಗೆ ವಲಸೆ ಹೋದವು. ಆಮೇಲೆ ಬಾಗಿಲ ಮೇಲೆ ತೆಳು ಕುಂಚ ಹಿಡಿದು, ಇಷ್ಟು ವರ್ಷ ಟಾರಿನ ಮೇಲೆ ಚೆಲ್ಲಿದ ವಿದ್ಯೆಯನ್ನೆಲ್ಲ ಬೆರಳ ತುದಿಗೆ ತಂದು ಬರೆದ: ‘ಓಟೋ ಕ್ರೆಬ್ಸ್ ಮತ್ತು ಮಕ್ಕಳು. ಬಾವಿ ತೋಡುವವರು.’ ಅಂಥ ಮನುಷ್ಯ ಭೂಮಿಯ ಮೇಲೆ ಇರಲಿಲ್ಲ. ಹೆಸರು ಬಾಗಿಲಿಗೆ ಸರಿಯಾಗಿ ಕೂರುತ್ತಿತ್ತು, ಅಷ್ಟೇ. ಒಣಗಿದ ಮೇಲೆ ಉಜ್ಜು ಕಾಗದದಿಂದ ಮೆಲ್ಲಗೆ ತಿಕ್ಕಿ ಮುದಿಯಾಗಿಸಿದ. ಅಕ್ಷರಗಳು ಎಷ್ಟು ಚೆನ್ನಾಗಿ ಮಾಸಿದವೆಂದರೆ, ಡಾರ್ಲಾಳಿಗೆ ಒಂದು ಗಳಿಗೆ ಕ್ರೆಬ್ಸ್‌ನ ಬಾವಿ ನೀರಿಗಾಗಿ ಬಾಯಾರಿಕೆಯೇ ಆಯಿತು.

ಮರುದಿನ ರೆಕ್ಸ್ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾಗಿಲ ಮುಂದೆ ನಿಂತುಬಿಟ್ಟ.

“ಭಾವ, ಇದೆಲ್ಲಿತ್ತು?”

ಫಲಕ ಅರ್ಲಿನ್‌ನ ಕಣ್ಣ ಮುಂದೆ ಕುಣಿಯುತ್ತಿತ್ತು. ನಾನೇ ಬರೆದೆ ಎಂದರೆ ತುಕ್ಕೂ ಸುಳ್ಳೆಂದು ಬಯಲಾಗುತ್ತದೆ, ನಕಲಿ ತುಕ್ಕಿಗೆ ಸಂಘದಲ್ಲಿ ನಗೆಪಾಟಲು. “ಹಸಿರು ಬಣ್ಣ ಉಜ್ಜಿದೆ. ಕೆಳಗಿತ್ತು,” ಎಂದುಬಿಟ್ಟ ಅರ್ಲಿನ್.

ಇನ್ನೊಬ್ಬರಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂದು ಒಪ್ಪಿದರೆ ರೆಕ್ಸ್‌ಗೆ ಅಜೀರ್ಣವಾಗುತ್ತದೆ. ಅವನು ಅಕ್ಷರದ ಮೇಲೆ ಬೆರಳಾಡಿಸಿದ. “ಓಟೋ ಕ್ರೆಬ್ಸ್! ಅಯ್ಯೋ, ನಮ್ಮ ಮುದಿ ಓಟೋ! ಇದನ್ನ ಬರೆದಿದ್ದು ಯಾರು ಗೊತ್ತಾ ಭಾವ? ನಮ್ಮಪ್ಪ! ಚಳಿಗಾಲದಲ್ಲಿ ಪೆಟ್ರೋಲ್ ಪಂಪ್‌ನಲ್ಲಿ ಕೆಲಸ ಇರ್ತಿರ್ಲಿಲ್ಲ ನೋಡು, ಆಗ ಬೋರ್ಡು ಬರೀತಿದ್ದ.”

ಬಟ್ಟೆಯ ಬುಟ್ಟಿ ಹಿಡಿದು ಬಂದ ಡಾರ್ಲಾ ಅಲ್ಲೇ ಕಂಬವಾದಳು. ಅವರಪ್ಪ ವರ್ಜಿಲ್ ಊರ ಪೆಟ್ರೋಲ್ ಪಂಪಿನಲ್ಲಿ ದುಡಿದು ಸತ್ತವನು. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ, ಅವನ ಸಹಿ ಒಂದು ಚೆಕ್ಕಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಜಾತಿ ಬದಲಿಸುತ್ತಿತ್ತು. ಅವನು ಸುರಿದ ಪೆಟ್ರೋಲಿನಲ್ಲಿ ಅರ್ಧ ಗಾಡಿಗೆ, ಅರ್ಧ ಗಾಡಿಯವರ ಬೂಟಿಗೆ. ಊರಿನಲ್ಲಿ ಅವನ ಹೆಸರು ಹೇಳಿದರೆ ಜನ ನಗುತ್ತಿದ್ದರು, ಅಷ್ಟೇ.

ಆದರೆ ಅರ್ಲಿನ್ ಒಳಗೊಳಗೇ ಹಿಗ್ಗಿದ. ರೆಕ್ಸೇ ತುಕ್ಕು ಅಸಲಿ ಎಂದು ಮುದ್ರೆ ಒತ್ತಿದ ಮೇಲೆ ತೀರ್ಪುಗಾರರು ಇನ್ನೇನು ಹೇಳುತ್ತಾರೆ? ಫಲಕ ಬಂದ ಹಾಗೆಯೇ!

ಸುದ್ದಿ ಕೆಫೆಗೆ ಹೋಯಿತು. ಎಲೆಕೋಸು ಮಾಂಸ ತುಂಬಿದ ಬೀರಾಕ್ ಬನ್ನು ಕಚ್ಚುತ್ತಿದ್ದ ಮುದುಕ ಲಿಯಾಂಡರ್ ಮೇಜು ಕುಟ್ಟಿದ.

“ಕ್ರೆಬ್ಸಾ? ನಮ್ಮಪ್ಪನ ಬಾವಿ ತೋಡಿದ್ದೇ ಅವ್ನು ಕಣ್ರಯ್ಯಾ! ಬರೀ ಉಪ್ಪು ನೀರು! ಬಡ್ಡೀಮಗ, ಕಾಫಿಗೆ ಸಕ್ಕರೆ ಹಾಕಿ ಹಾಕಿ ನಮ್ಮಮ್ಮ ಸೋತ್ಹೋದ್ಲು.”

“ಅವ್ನ ಎರಡನೇ ಮಗ ಬೇರೆ ಚರ್ಚಿನ ಲೂಥರನ್ ಹುಡ್ಗೀನ ಕಟ್ಕೊಂಡು ಓಡ್ಹೋದ,” ಎಂದ ಪಕ್ಕದವನು.

“ಎರಡನೆಯವನಲ್ಲವೋ ಪೆದ್ದ, ಮೂರನೆಯವ್ನು. ಎರಡನೆಯವನಿಗೆ ಒಂದೇ ಕಣ್ಣು.”

ವಾರ ಮುಗಿಯುವಷ್ಟರಲ್ಲಿ ಓಟೋ ಕ್ರೆಬ್ಸ್‌ಗೆ ಮೂರು ಗಂಡುಮಕ್ಕಳು, ಒಂದು ಮರದ ಕಾಲು, ಕಚ್ಚುವ ಹೇಸರಗತ್ತೆ ಎಲ್ಲ ಹುಟ್ಟಿದವು. ಚರ್ಚಿನ ಪಾದ್ರಿ ಸ್ಮಶಾನದಲ್ಲಿ ಅವನ ಸಮಾಧಿ ಹುಡುಕಿ, ಸಿಗದೆ, ಹಿಂದಿನ ಪಾದ್ರಿಯ ಅಸಡ್ಡೆಗಾಗಿ ಭಾನುವಾರದ ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿದರು. ಇದನ್ನೆಲ್ಲ ಅರ್ಲಿನ್ ನಿಲ್ಲಿಸಬಹುದಿತ್ತು; ಆದರೆ ಒಂದೊಂದು ಸುಳ್ಳೂ ಅವನ ತುಕ್ಕಿಗೆ ಇನ್ನೊಂದು ಹತ್ತು ವರ್ಷ ಸೇರಿಸುತ್ತಿತ್ತಲ್ಲ!

ಜೂನ್ ಬಂತು. ಕಣಜದ ಬಯಲಿನಲ್ಲಿ ಅರ್ಲಿನ್ ಎಂಜಿನ್ ಚಾಲೂ ಮಾಡಿದಾಗ ಮೂರು ಊರಾಚೆ ಕೋಳಿಗಳು ಮೊಟ್ಟೆ ಇಡುವುದನ್ನು ಅರ್ಧಕ್ಕೇ ನಿಲ್ಲಿಸಿದವು. ಜನ ಅವನ ಪಿಕಪ್ಪನ್ನು ಮುತ್ತಿದರು. ರೆಕ್ಸ್‌ನ ಕೆಂಪು ಕಾರಿನ ಹತ್ತಿರ ಒಂದು ನಾಯಿ ಮಾತ್ರ ಇತ್ತು, ಅದೂ ಚಕ್ರಕ್ಕೆ ಕಾಲೆತ್ತಲು ಬಂದದ್ದು. ಅರ್ಲಿನ್ ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕಿಕೊಂಡು ವೇದಿಕೆಯ ಹತ್ತಿರ ಸರಿದ.

ಸಂಘದ ಅಧ್ಯಕ್ಷ ಡೆಲ್ಮರ್ ಮೈಕು ಹಿಡಿದ. “ಈ ವರ್ಷ ಫಲಕ ಗಾಡಿಗಲ್ಲ, ಒಂದು ಬಾಗಿಲಿಗೆ! ಆ ಅಕ್ಷರ ನೋಡಿದ್ರಾ? ಇಡೀ ಕ್ಯಾನ್ಸಸ್‌ನಲ್ಲಿ ಅಂಥ ಕೈ ಇನ್ನೊಂದಿಲ್ಲ.”

ಅರ್ಲಿನ್ ಒಂದು ಮೆಟ್ಟಿಲು ಹತ್ತಿದ.

“ಅಂಥ ಚರಿತ್ರೆ ಇರೋ ಗಾಡಿಯ ಚಾವಣಿ ಕತ್ತರಿಸೋಕೆ ನಮ್ಮ ಅರ್ಲಿನ್‌ಗೆ ಹೇಗೆ ಮನಸ್ಸು ಬಂತೋ, ಅದನ್ನ ದೇವರಿಗೆ ಬಿಡೋಣ. ಫಲಕ ಆ ಅಕ್ಷರ ಬರೆದ ವರ್ಜಿಲ್ ಸ್ಟೆಕ್ಲೈನ್‌ಗೆ! ಅವನ ಪರವಾಗಿ ಮಗ ರೆಕ್ಸ್ ಬರ್ಬೇಕು!”

ಚಪ್ಪಾಳೆಗೆ ಕಣಜದ ತಗಡು ಅದುರಿತು. ರೆಕ್ಸ್ ಮೇಲೆ ಹತ್ತಿ ಫಲಕ ಎದೆಗವಚಿಕೊಂಡ. ಅರ್ಲಿನ್ ನುಗ್ಗಿ ಮೈಕು ಕಿತ್ತುಕೊಂಡ.

“ಅದನ್ನ ಬರೆದಿದ್ದು ನಾನು! ಹೋದ ತಿಂಗಳು, ನನ್ನ ಗ್ಯಾರೇಜಿನಲ್ಲಿ! ತುಕ್ಕು ವಿನೆಗರ್ ಹಾಕಿ ಮಾಡಿದ್ದು! ಓಟೋ ಕ್ರೆಬ್ಸ್ ಅನ್ನೋನು ಹುಟ್ಟೇ ಇಲ್ಲ!”

ಮೊದಲು ಎದ್ದವನು ಲಿಯಾಂಡರ್.

“ಹುಟ್ಟೇ ಇಲ್ವಾ? ಹಂಗಾದ್ರೆ ನಮ್ಮಪ್ಪನ ಬಾವಿ ಯಾರು ತೋಡಿದ್ದೋ, ನೀನಾ? ಆ ಉಪ್ಪು ನೀರು ಕುಡಿದು ಬೆಳೆದಿದೀನಿ ಕಣೋ ನಾನು!”

“ಹೊಟ್ಟೆಕಿಚ್ಚು ಅಂದ್ರೆ ಇದಪ್ಪಾ,” ಎಂದರು ಇನ್ಯಾರೋ. “ಸತ್ತ ಮಾವನ ಹೆಸರಿಗೂ ಕಲ್ಲು ಹಾಕ್ತಾನೆ.”

ಅರ್ಲಿನ್ ಸಾಕ್ಷಿಗಾಗಿ ಡಾರ್ಲಾಳ ಕಡೆ ತಿರುಗಿದ. ಕೂದಲಿನ ನೀರು ತಂದುಕೊಟ್ಟವಳು ಅವಳೇ ಅಲ್ಲವೇ? ಡಾರ್ಲಾ ಅಳುತ್ತಿದ್ದಳು. ಅವಳ ಸುತ್ತ ಹೆಂಗಸರು ಕೈ ಹಿಡಿದು, ‘ನಿಮ್ಮಪ್ಪನಲ್ಲಿ ಇಂಥ ಕಲೆ ಇತ್ತು, ನಾವು ನಗ್ತಾ ಇದ್ವಲ್ಲೇ’ ಎನ್ನುತ್ತಿದ್ದರು. ಅವಳು ಗಂಡನನ್ನು ನೋಡಿ, ಯಾರಿಗೂ ಕಾಣದಷ್ಟು ಸಣ್ಣಗೆ ತಲೆಯಾಡಿಸಿದಳು. ಬೇಡ ಎಂದು. ಅರ್ಲಿನ್ ಮೈಕನ್ನು ಡೆಲ್ಮರ್‌ನ ಕೈಗಿಟ್ಟು ಕೆಳಗಿಳಿದ.

ಮನೆಗೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ ಆ ಎಂಜಿನ್ನಿನ ಸದ್ದಿನಲ್ಲಿ ಮಾತಾಡಿದ್ದರೂ ಕೇಳಿಸುತ್ತಿರಲಿಲ್ಲ ಎನ್ನಿ.

ಮರುದಿನ ಬೆಳಿಗ್ಗೆ ರೆಕ್ಸ್ ಗ್ಯಾರೇಜಿಗೆ ಬಂದ. ಸದಾ ಎದೆ ಮುಂದೆ ಮಾಡಿಕೊಂಡು ಬರುತ್ತಿದ್ದವನ ಎದೆ ಅವತ್ತು ಮನೆಯಲ್ಲೇ ಉಳಿದಿತ್ತು.

“ಭಾವ... ಒಂದು ಫಜೀತಿ ಆಗಿದೆ. ಜಿಲ್ಲಾ ಮ್ಯೂಸಿಯಂನೋರು ಫೋನ್ ಮಾಡಿದ್ರು. ಅಪ್ಪನ ಕೈಬರಹಕ್ಕೆ ಒಂದು ಗೋಡೆ ಪೂರ್ತಿ ಬಿಡ್ತಾರಂತೆ. ಇನ್ನೂ ನಾಕು ಬೋರ್ಡು ಬೇಕಂತೆ.”

“ಕೊಡು. ಮಗ ನೀನು.”

“ಹಂಗನ್ಬೇಡ ಭಾವ. ಬೆಣ್ಣೆ ಡೈರಿದು, ಬ್ರೆಡ್ ಅಂಗಡೀದು... ಅದೇ ಥರ ಸ್ವಲ್ಪ ಮಾಸಿದ ಹಾಗೆ...”

ಅರ್ಲಿನ್ ಬಕೆಟ್ಟಿನ ಮೇಲೆ ಕೂತು ಕೈ ಕಟ್ಟಿದ. “ಬಾಗಿಲ ಮೇಲಿರೋದನ್ನ ಬರೆದಿದ್ದು ಯಾರು?”

ರೆಕ್ಸ್ ಗ್ಯಾರೇಜಿನ ಬಾಗಿಲು ಮುಚ್ಚಿದ. ಬೀದಿ ಖಾಲಿಯಿದೆಯೇ ಎಂದು ಕಿಂಡಿಯಲ್ಲಿ ಇಣುಕಿದ. “ನೀನು,” ಎಂದು ಗೊಣಗಿದ.

“ಕೇಳಿಸ್ಲಿಲ್ಲ.”

“ನೀನು ಬರೆದಿದ್ದು! ಅರ್ಲಿನ್ ಬೀಕರ್ ಬರೆದಿದ್ದು! ಸಾಕಾ? ಮೊದಲನೇ ದಿನ ಬೆರಳಿಟ್ಟಾಗ್ಲೇ ಗೊತ್ತಾಯ್ತು, ಉಜ್ಜಿದ ಹೊಸ ಬಣ್ಣದ ಪುಡಿ ಬೆರಳಿಗೇ ಹತ್ತಿತ್ತು. ಬಣ್ಣದ ಅಂಗಡಿ ಇಟ್ಟೋನು ನಾನು, ನಂಗೊತ್ತಾಗಲ್ವಾ? ಇಷ್ಟು ಚೆನ್ನಾಗಿ ಬರೆಯೋನು ನನ್ನಂಗ್ಡೀಲಿ ಒಬ್ನೂ ಇಲ್ಲ. ನೀನು ಬರೆದಿದ್ದು ಅಂತ ಒಪ್ಕೊಳ್ಳೋಕೆ ಹೊಟ್ಟೆ ಉರೀತು.”

ಜನ್ಮವಿಡೀ ಕಾದಿದ್ದ ಮಾತು ಕೊನೆಗೂ ಬಂತು. ಕೇಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಒಳಬಾಗಿಲಲ್ಲಿ ನಿಂತಿದ್ದ ಡಾರ್ಲಾಳನ್ನು ಬಿಟ್ಟರೆ. ಅರ್ಲಿನ್ ಎದ್ದು, ಗಡಬಡಿಸಿ ಹುಡುಕಿ ಒಂದು ತಗಡಿನ ಹಲಗೆಯನ್ನು ಮೇಜಿನ ಮೇಲೆ ಒರಗಿಸಿ, ಕುಂಚ ಅದ್ದಿದ. ರೆಕ್ಸ್ ಬಣ್ಣದ ಡಬ್ಬಿ ಹಿಡಿದು ನಿಂತ.

ಮೊದಲ ಅಕ್ಷರ ಮುಗಿಯುವವರೆಗೂ ಡಾರ್ಲಾ ನೋಡಿದಳು. ಆಮೇಲೆ ಹತ್ತಿರ ಬಂದು, ತಲೆ ಓರೆ ಮಾಡಿ ಹೇಳಿದಳು:

“ಸ್ವಲ್ಪ ಎಡಕ್ಕೆ ವಾಲಿಸು ಅರ್ಲಿನ್. ನಮ್ಮಪ್ಪ ಎಡಗೈಲಿ ಬರೀತಿದ್ದ.”