ಹುಲ್ಲಿನ ಮೇಲೆ ಕೂತವಳು

ನ್ಯಾಮತಿಯ ಹಾಲಸ್ವಾಮಿ ಇಪ್ಪತ್ತಾರು ವರ್ಷ ಅಂಗಡಿಗಳಿಗೆ ಬೋರ್ಡು ಬರೆದವನು. ಫ್ಲೆಕ್ಸ್ ಬಂದ ಮೇಲೆ ಶಾಲೆಯ ಗೋಡೆ, ಟ್ರ್ಯಾಕ್ಟರಿನ ಹಿಂಬದಿ ಅಂತ ಸಿಕ್ಕಿದ ಕೆಲಸ ಮಾಡಿಕೊಂಡಿದ್ದ. ಅಕ್ಷರ ಬಿಟ್ಟು ಒಂದು ನಿಜವಾದ ಚಿತ್ರ ಬರೆಯುವ ಆಸೆ ಮಾತ್ರ ಹಾಗೇ ಉಳಿದಿತ್ತು. ಹೊನ್ನಾಳಿಯಲ್ಲಿ ಡ್ರಾಯಿಂಗ್ ಟೀಚರ್ ವಾಣಿಶ್ರೀ ಭಾನುವಾರ ದೊಡ್ಡವರಿಗೂ ಕಲಿಸುತ್ತಾರೆಂದು ತಿಳಿದು, ನಾಚಿಕೊಂಡೇ ಹೋಗಿ ಸೇರಿದ.

ಆಕೆ ಅವನ ಮುಂದೆ ಒಂದು ಪಾರ್ಕಿನ ಚಿತ್ರವಿಟ್ಟು, ನೋಡಿ ಬರೆಯಲು ಹೇಳಿದರು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ, ಬರೀ ಚುಕ್ಕಿ. ಬಣ್ಣ ಕಲೆಸಬಾರದು, ಒಂದರ ಪಕ್ಕ ಒಂದು ಚುಕ್ಕಿ ಇಡಬೇಕು, ದೂರ ನಿಂತರೆ ಕಣ್ಣೇ ಕಲೆಸಿಕೊಳ್ಳುತ್ತದೆ ಎಂದರು. ಹಾಲಸ್ವಾಮಿಗೆ ಹುಚ್ಚೇ ಹಿಡಿಯಿತು. ನಾಲ್ಕು ಭಾನುವಾರ ಕೂತು ಕೊಡೆ ಹಿಡಿದ ಗಂಡಹೆಂಡತಿ, ಬೆಂಚಿನ ಮೇಲಿನ ಮುದುಕ, ಚೆಂಡಾಡುವ ಮೂರು ಮಕ್ಕಳು, ಸುತ್ತ ಹುಲ್ಲು, ಎಲ್ಲವನ್ನೂ ಮುಗಿಸಿದ.

ವಾಣಿಶ್ರೀ ದೂರ ನಿಂತು ನೋಡಿದರು. ಮೆಚ್ಚಿಕೊಂಡರು. ಆಮೇಲೆ, ಆ ಹೆಂಗಸನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು.

"ಯಾವ ಹೆಂಗಸು, ಮೇಡಂ?"

ಆಕೆ ಮೂಲಚಿತ್ರದ ಹುಲ್ಲಿನ ಮೇಲೆ ಬೆರಳಿಟ್ಟರು. ಕೆಂಪು ಸೆರಗನ್ನು ತಲೆ ತುಂಬ ಹೊದ್ದು, ಬೆನ್ನು ತಿರುಗಿಸಿ ಒಬ್ಬಳು ಕೂತಿದ್ದಾಳಲ್ಲ ಎಂದರು. ಹಾಲಸ್ವಾಮಿ ಬಗ್ಗಿ ನೋಡಿದ, ಹಿಂದೆ ಸರಿದು ನೋಡಿದ, ಕಿಟಕಿಯ ಬೆಳಕಿಗೆ ಹಿಡಿದ. ಹುಲ್ಲು ಬಿಟ್ಟರೆ ಏನೂ ಇಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಪಕ್ಕದವರ ಮುಖ ನೋಡಿದ. ಯಾರೂ ನಗುತ್ತಿರಲಿಲ್ಲ. ಎಲ್ಲರಿಗೂ ಅವಳು ಕಾಣುತ್ತಿದ್ದಳು.

ವಾಣಿಶ್ರೀ ಎರಡು ಟ್ಯೂಬುಗಳ ಹೆಸರನ್ನು ಕೈಯಿಂದ ಮುಚ್ಚಿ, ಒಂದೊಂದು ಹನಿ ಹಿಂಡಿ, ಕೆಂಪು ಯಾವುದು ಎಂದು ಮೆಲ್ಲಗೆ ಕೇಳಿದರು. ಅವನು ತೋರಿಸಿದ್ದು ಹಸಿರು. ಆಕೆ ಕೈ ತೆಗೆದ ಮೇಲೆ ಟ್ಯೂಬಿನ ಹೆಸರು ಓದಿಕೊಂಡ.

"ಡಬ್ಬಿ ಮೇಲೆ ಹೆಸರು ಇರ್ತಿತ್ತು, ಮೇಡಂ," ಎಂದ. "ಓದಿ ಹಚ್ತಿದ್ದೆ."

ಬಸ್ಸಿನಲ್ಲಿ ಕೂತವನಿಗೆ ಚನ್ನಗಿರಿಯ ಖಾರದಪುಡಿ ಗಿರಣಿ ನೆನಪಾಯಿತು. ಅಲ್ಲಿ ಗೋಡೆ ತುಂಬ ಒಣಮೆಣಸಿನಕಾಯಿ ರಾಶಿ ಬರೆದಿದ್ದ. ಡಬ್ಬಿಗಳ ಹೆಸರು ಅಳಿಸಿಹೋಗಿದ್ದರಿಂದ ಅವತ್ತು ಅಂದಾಜಿನ ಮೇಲೆ ಹಚ್ಚಿದ್ದ. ಮಾಲೀಕ ಮರುಳಪ್ಪ ನೋಡಿಕೊಂಡು ಹೋದವನು ವಾರದಲ್ಲೇ ಅದರ ಮೇಲೆ ಫ್ಲೆಕ್ಸ್ ಕಟ್ಟಿಸಿದ. ಸೊಕ್ಕಿನ ಮನುಷ್ಯ ಅಂತ ಹಾಲಸ್ವಾಮಿ ಅವನನ್ನು ಎಷ್ಟೋ ವರ್ಷ ಬೈದುಕೊಂಡಿದ್ದ. ಆ ರಾಶಿ ಹಸಿರಾಗಿದ್ದಿರಬೇಕು ಎಂದು ಈಗ ಹೊಳೆಯಿತು.

ಮನೆಯಲ್ಲಿ ಹೆಂಡತಿ ವಿಜಯಶ್ರೀ ಮೊದಲು ನಂಬಲಿಲ್ಲ. ಮೊರದಲ್ಲಿ ಹಣ್ಣು ಮೆಣಸಿನಕಾಯಿ, ಹಸಿಮೆಣಸಿನಕಾಯಿ ಬೆರೆಸಿ ತಂದು, ಬೇರೆ ಮಾಡಿ ನೋಡೋಣ ಎಂದಳು. ಅವನು ಶ್ರದ್ಧೆಯಿಂದ ಬೇರೆ ಮಾಡಿದ. ಎರಡೂ ಗುಡ್ಡೆಯಲ್ಲಿ ಕೆಂಪು, ಹಸಿರು ಬೆರೆತೇ ಇದ್ದವು.

"ಯಾವಾಗ ನೋಡಿದ್ರೂ ಕಾಯಿ ಟೊಮೊಟೊ ತರ್ತೀರಿ ಅಂತ ಎಷ್ಟು ಬೈದೀನ್ರಿ ನಿಮಗೆ," ಎಂದಳು. "ಒಂದಿನಾದ್ರೂ ಕಾಣಾಕಿಲ್ಲ ಅನ್ನಬಾರದಿತ್ತಾ?"

"ನನಗೇ ಗೊತ್ತಿಲ್ದಿದ್ದು ಹೆಂಗೆ ಹೇಳ್ಲಿ?"

ಮುಂದಿನ ಭಾನುವಾರ ಹೋಗುವುದಿಲ್ಲವೆಂದು ಹಟ ಹಿಡಿದ. ವಿಜಯಶ್ರೀಯೇ ಹೊರಡಿಸಿಕೊಂಡು ಜೊತೆಗೆ ಹೊನ್ನಾಳಿಗೆ ಬಂದಳು. ಮೂಲಚಿತ್ರ ನೋಡುತ್ತ, ಅವನು ಬರೆದ ಹುಲ್ಲಿನ ಮೇಲೆ ಪೆನ್ಸಿಲಿನಿಂದ ಆ ಹೆಂಗಸಿನ ಆಕಾರ ಎಳೆದಳು. ಅವನು ಟ್ಯೂಬಿನ ಹೆಸರು ಎರಡೆರಡು ಸಲ ಓದಿ, ಒಳಗೆಲ್ಲ ಕೆಂಪು ಚುಕ್ಕಿ ತುಂಬಿದ. ಪೆನ್ಸಿಲ್ ಗೆರೆ ಮುಚ್ಚಿಹೋದದ್ದೇ ಅವನ ಪಾಲಿಗೆ ಆ ಹೆಂಗಸೂ ಮಾಯವಾದಳು.

"ಸರಿಯಾಗಿ ಕೂತಿದಾಳಾ?" ಎಂದು ಕೇಳಿದ.

"ಕೂತಿದಾಳೆ," ಎಂದಳು ವಿಜಯಶ್ರೀ. "ಎಡಗಡೆ ಭುಜ ಒಂದೀಟು ತೆಳ್ಳಗೈತೆ."

ಅವಳು ಬೆರಳಿಟ್ಟಲ್ಲಿ ಅವನು ಇನ್ನೊಂದು ಚುಕ್ಕಿ ಇಟ್ಟ.