ಮುಂಜಾನಿಂದ ಇಲ್ಲೇ ಅದೇವ್ರಿ

“ಕುಡದ ಬಿದ್ದ ಸೂಳೇಮಗನ್ನ ಇಲ್ಲ್ಯಾಕ ತಂದಿ? ಮನ್ಯಾಗ ಒಗದು ಮ್ಯಾಲೊಂದು ಕೊಡಾ ನೀರ ಸುರವು. ಇಳೀತದ.”

ಹೀಗೆಂದ ಅಟೆಂಡರ್, ಗುಡ್ಡಪ್ಪನ ಕಾಲನ್ನು ಚಪ್ಪಲಿಯಿಂದಲೇ ಸರಿಸಿ ಸ್ಟ್ರೆಚರಿಗೆ ದಾರಿ ಮಾಡಿಕೊಂಡ. ಗುಡ್ಡಪ್ಪ ಆಸ್ಪತ್ರೆಯ ನೆಲದ ಮೇಲೆ ಬಿದ್ದಿದ್ದ. ಮುಂಜಾನೆ ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊತ್ತು ಲಾರಿ ಏರುವಾಗ ಬಲಗಾಲು ಸೋತು ಕುಸಿದಿದ್ದ. ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿತ್ತು. ಅಲ್ಲೇ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಹೆಂಡತಿ ದೇವಕ್ಕ, ಜೊತೆಯ ಹಮಾಲ ಬಡೇಸಾಬನನ್ನು ಕರೆದುಕೊಂಡು ಆಟೋದಲ್ಲಿ ಹಾಕಿ ತಂದಿದ್ದಳು.

“ನನ್ನ ಗಂಡ ಹೆಂಡಾ ಮುಟ್ಟಿದವನಲ್ರಿ ಸಾಹೇಬ್ರ,” ಎಂದು ಡಾಕ್ಟರ್ ಆಶಿಷ್ ಹಿಂದೆ ಓಡಿದಳು. “ಒಮ್ಮಿ ಕೈ ಹಿಡದು ನೋಡ್ರಿ. ಶಕ್ತಿನ ಇಲ್ರಿ ಕೈಯಾಗ.”

ಆತ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಹಮಾಲರೆಲ್ಲಾ ಹಿಂಗ ಹೇಳ್ತಾರ. ನಶಾ ಇಳೀಲಿ, ಆಮ್ಯಾಲ ನೋಡೋಣು.”

ಅಷ್ಟರಲ್ಲಿ ದೇಶಪಾಂಡೆ ನಗರದ ಏಕನಾಥರಾಯರು ಕಾಲು ಉಳುಕಿಸಿಕೊಂಡು ಬಂದರು. ಡಾಕ್ಟರೇ ಎದ್ದು ಕುರ್ಚಿ ಎಳೆದುಕೊಟ್ಟ. ರಾಯರು ಮೂಗಿಗೆ ಕರವಸ್ತ್ರ ಹಿಡಿದರು. “ಯಾರಿವರು? ಮೆಣಸಿನಕಾಯಿ ಘಾಟಿಗೆ ಉಸಿರಾಡಲಿಕ್ಕೆ ಆಗವಲ್ದು. ಅತ್ಲಾಗ ಕೂಡಸ್ರಿ.”

ದೇವಕ್ಕನೂ ಬಡೇಸಾಬನೂ ಗುಡ್ಡಪ್ಪನನ್ನು ಪಾಯಖಾನೆಯ ಬಾಗಿಲ ಹತ್ತಿರ ಎಳೆದು ಮಲಗಿಸಿದರು.

ಹೊತ್ತು ಇಳಿಯಿತು. ಗುಡ್ಡಪ್ಪನ ತೊದಲೂ ನಿಂತಿತು. ಎಡಗೈ ಮಾತ್ರ ಅವಳ ಸೆರಗನ್ನು ಬಿಟ್ಟಿರಲಿಲ್ಲ. ಅದನ್ನು ಮೆಲ್ಲಗೆ ಬಿಡಿಸಿ ದೇವಕ್ಕ ಎದ್ದಳು. ನೇರವಾಗಿ ಹೋಗಿ ಡಾಕ್ಟರನ ಕೋಟಿನ ಕಾಲರಿಗೆ ಕೈಹಾಕಿದಳು. ಎಳೆದು ತಂದು ಗಂಡನ ಮುಖದ ಮೇಲೆ ಬಗ್ಗಿಸಿದಳು.

“ಮೂಸ! ನಿನ್ನ ಮೂಗಿಲೆ ಮೂಸ! ಹೆಂಡದ ವಾಸನಿ ಬಂದ್ರ ನನ್ನ ನಾಲಿಗಿ ಕೊಯ್ಯಿ!”

ಅಟೆಂಡರ್ ಅವಳ ತುರುಬು ಹಿಡಿದ. ಬಡೇಸಾಬ ಅಡ್ಡ ಬಂದ. ಡಾಕ್ಟರ್ ಮಾತ್ರ ಮೇಲೇಳಲಿಲ್ಲ. ಗುಡ್ಡಪ್ಪನ ಬಲಗೈ ಎತ್ತಿ ಬಿಟ್ಟ. ಅದು ನೆಲಕ್ಕೆ ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

ಆಮೇಲೆ ಎಲ್ಲರೂ ಓಡಾಡಿದರು. ಸ್ಕ್ಯಾನ್ ಆಯಿತು, ಹಾಸಿಗೆಯೂ ಸಿಕ್ಕಿತು. ಹಿರಿಯ ಡಾಕ್ಟರ್ ಮಂದಾಕಿನಿ ಬಂದು ನೋಡಿದರು.

“ಲಕ್ವಾ ಹೊಡದದ. ಲಗೂ ಬಂದಿದ್ರ ಇಂಜೆಕ್ಷನ್ ಕೊಡಬಹುದಿತ್ತು. ಇನ್ನ ಕೈಕಾಲು, ಮಾತು ತಿರುಗಿ ಬರೋದು ಕಷ್ಟ ಅದ. ಇಷ್ಟ್ಯಾಕ ತಡಾ ಮಾಡಿದ್ರಿ?”

“ಮುಂಜಾನಿಂದ ಇಲ್ಲೇ ಅದೇವ್ರಿ ಡಾಕ್ಟರ್ ಬಾಯಾರ. ನೆಲದ ಮ್ಯಾಲ.”

ಮಂದಾಕಿನಿ ಆಶಿಷ್ ಕಡೆ ತಿರುಗಿದರು. ಆತ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವರೂ ಇಂಗ್ಲಿಷಿನಲ್ಲೇ, ತಗ್ಗಿದ ದನಿಯಲ್ಲಿ ಏನೋ ಅಂದರು.

“ಕನ್ನಡದಾಗ ಹೇಳ್ರಿ,” ಅಂದಳು ದೇವಕ್ಕ. “ನನಗ ಬ್ಯಾಡ, ಅವಗ ಹೇಳ್ರಿ. ನೀ ಕುಡದಿರಲಿಲ್ಲಪಾ ಅಂತ ಎಲ್ಲಾರ ಮುಂದ ಹೇಳ್ರಿ.”

ಆಶಿಷ್ ಬಾಗಿಲ ಕಡೆ ನೋಡಿದ.

ಗುಡ್ಡಪ್ಪನಿಗೆ ಎಚ್ಚರವಿತ್ತು. ಸೊಟ್ಟ ಬಾಯಿಂದ ಜೊಲ್ಲು ಇಳಿಯುತ್ತಿದ್ದರೂ ಕಣ್ಣು ಡಾಕ್ಟರನ ಮೇಲೇ ಇತ್ತು.

ದೇವಕ್ಕ ಹೋಗಿ ವಾರ್ಡಿನ ಬಾಗಿಲು ಹಾಕಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತಳು.